ಹೊಸ್ತಿಲಾಚೆಯ ಮಾತು

ಮೊಳಕಾಲ್ಮೂರಿನಲ್ಲಿ ಸಾಲ ಮಾಡಿ ಮನೆ ಕೊಂಡಾಗ, ನಮ್ಮ ಹಳೆಯ ಪಾಲಿಸಿ ಸಾಕೋ ಸಾಲದೋ ನೋಡಲು ಚಳ್ಳಕೆರೆಯಿಂದ ವಿಮೆ ಏಜೆಂಟರೊಬ್ಬರು ಬಂದಿದ್ದರು. ಅವರಿಗೊಂದು ನೇಮವಿತ್ತು: ದೀಪ ಹಚ್ಚಿದ ಮನೆಯೊಳಗೆ ಅಶುಭದ ಮಾತು ಆಡುತ್ತಿರಲಿಲ್ಲ. ವಿಮೆಯವರಿಗೆ ಅದನ್ನು ಬಿಟ್ಟರೆ ಬೇರೆ ಮಾತೇ ಇಲ್ಲವಲ್ಲ! ಬೆಂಕಿಯ ವಿಷಯ ಬಂದ ಕೂಡಲೇ, "ಅದನ್ನ ಹೊರಗೆ ಹೇಳ್ತೀನಿ ಬರ್ರಿ ಅಣ್ಣಾರೆ" ಎಂದು ನನ್ನ ಗಂಡನನ್ನು ಹೊಸ್ತಿಲು ದಾಟಿಸಿದರು. ಚಪ್ಪಲಿ ಮೆಟ್ಟಿ ಬೀದಿಯಲ್ಲಿ ನಿಂತು ಮಾತಿನಲ್ಲೇ ನಮ್ಮ ಮನೆ ಸುಟ್ಟು, ಮತ್ತೆ ಚಪ್ಪಲಿ ಬಿಟ್ಟು ಒಳಗೆ ಬಂದು, ಏನೂ ಆಗದವರಂತೆ ಬರೆದುಕೊಂಡರು. ಕಳ್ಳತನಕ್ಕೂ ಹೀಗೇ, ಗೋಡೆ ಕುಸಿಯುವುದಕ್ಕೂ ಹೀಗೇ. ಮಗ್ಗದಲ್ಲಿ ಕೂತು ಸೀರೆ ನೇಯುತ್ತಿದ್ದ ನನಗೆ ನಗು ತಡೆಯುವುದೇ ಕಷ್ಟವಾಯಿತು.

ಕೊನೆಯ ಸಲ ಗಂಡನನ್ನು ಬೀದಿ ಕೊನೆಯ ಬೇವಿನ ಮರದವರೆಗೂ ಕರೆದೊಯ್ದರು. ಸಾವಿನ ಮಾತಿಗೆ ಹೊಸ್ತಿಲು ಸಾಲದು ಅಂತ ಕಾಣುತ್ತದೆ. ಆಮೇಲೆ ಒಬ್ಬರೇ ಹಿಂತಿರುಗಿ, ಮಗ್ಗದ ಮುಂದೆ ನಿಂತು ತಲೆ ಕೆರೆದುಕೊಂಡರು.

"ಅಕ್ಕಾ, ಮನೆ ಕಂತು ಕಟ್ಟೋದು ನಿಮ್ಮ ಮಗ್ಗವಂತೆ. ನಾನು ಇಷ್ಟೊತ್ತೂ ಯಜಮಾನ್ರ ಹೆಸರೇ ಬರ್ಕಂಡಿದ್ದೆ. ಒಂದೀಟು ಹೊರಗೆ ಬರ್ತೀರಾ?"

"ಹೊರಗ್ಯಾಕ್ರಿ? ನಾನು ಸತ್ರೆ ಕಂತು ಯಾರು ಕಟ್ತಾರೆ ಅಂತ ತಾನೆ?" ಎಂದೆ, ಲಾಳಿ ಬಿಡದೆ.

ಅವರು ಎರಡೂ ಕಿವಿ ಮುಚ್ಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದರು. ಸ್ವಲ್ಪ ಹೊತ್ತಿಗೆ ಅರ್ಜಿ ಹಿಡಿದ ಕೈಯೊಂದು ಕಿಟಕಿಯಿಂದ ಒಳಗೆ ಬಂತು.

"ಜೋರಾಗಿ ಓದಬ್ಯಾಡ್ರಿ ಅಕ್ಕಾ. ಮನಸ್ನಾಗೇ ಓದ್ಕಂಡು ಸಹಿ ಹಾಕ್ರಿ."