ನೋಡದ ಪಿಕ್ಚರಿಗೆ ಬಿಟ್ಟ ಕೋಳಿ

ನನ್ನ ತಮ್ಮ ಲೋಕನಾಥನ ಕೈ ಅವನ ಬಾಯಿಗಿಂತ ಮೊದಲು ಮಾತಾಡುತ್ತಿತ್ತು. ಕೊಡಿಯಾಲ್‌ಬೈಲಿನ ನಮ್ಮ ಮಾವನ ಹೋಟೆಲಿನ ಗಲ್ಲೆಯಲ್ಲಿ ಕುಳಿತು, ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತ ಇನ್ನೊಂದು ಕೈಯಲ್ಲಿ ಗಿರಾಕಿಯ ಕಾಲರು ಹಿಡಿದವನು ಅವನು. ಸಾಂಬಾರು ತಣ್ಣಗಾಗಿದೆ ಎಂದು ಯಾರಾದರೂ ದೊಡ್ಡ ಸ್ವರದಲ್ಲಿ ಹೇಳಿದರೆ ಸಾಕು, ಇವನು ಎದ್ದ ಎಂದೇ ಲೆಕ್ಕ. ಇಂಥವನನ್ನು ಗಲ್ಲೆಯಲ್ಲಿ ಕೂರಿಸಬೇಡಿ, ಒಳಗೆ ತೆಂಗಿನಕಾಯಿ ಒಡೆಯಲು ಬಿಡಿ ಎಂದು ನಾನು ಮಾವನಿಗೆ ಎಷ್ಟೋ ಸಲ ಹೇಳಿದ್ದೆ. ರತ್ನಾವತಿ ಎಂಬ ಈ ಅಕ್ಕನ ಮಾತು ಯಾರು ಕೇಳುತ್ತಾರೆ?

ಆ ಒರಟನಿಗೆ ಒಬ್ಬನ ಮೇಲೆ ಮಾತ್ರ ಭಕ್ತಿ, ಕ್ಯಾಪ್ಟನ್ ಟಾರ್ವಿನ್. ಅವನು ಇಂಗ್ಲಿಷ್ ಪಿಕ್ಚರಿನ ಆಸಾಮಿ. ಆಕಾಶದಲ್ಲಿ ಹಡಗು ಓಡಿಸುತ್ತಾನೆ, ಬೇರೆ ಗ್ರಹದವರ ಜೊತೆ ಹೊಡೆದಾಡುತ್ತಾನೆ. ಎಪ್ಪತ್ತರ ದಶಕದಲ್ಲಿ ಅವನ ಎರಡು ಪಿಕ್ಚರುಗಳು ಮಂಗಳೂರಿಗೆ ಬಂದವು, ಆದಿತ್ಯವಾರದ ಬೆಳಗಿನ ಆಟಕ್ಕೆ. ಲೋಕ ದೇವಸ್ಥಾನಕ್ಕೆ ಹೋಗುವವನಂತೆ ಮಿಂದು, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದ.

ಕುದ್ರೋಳಿಯ ಹಾಶಿಂ ಅವನಿಗೆ ಸಿಕ್ಕಿದ್ದು ಅಲ್ಲೇ, ಪೆಟ್ಟಿನ ನಡುವೆ. ಮುಂದಿನ ಸಾಲಿನ ಕಾಲೇಜು ಹುಡುಗರು ಟಾರ್ವಿನನನ್ನು ನೋಡಿ ನಗಾಡಿದರಂತೆ. ಲೋಕ ಒಬ್ಬನ ಕುತ್ತಿಗೆಗೆ ಕೈ ಹಾಕಿದ. ಅಷ್ಟರಲ್ಲಿ ಪಕ್ಕದಿಂದ ಯಾರೋ ಎದ್ದು ಇನ್ನೊಬ್ಬನ ದವಡೆಗೆ ಗುದ್ದಿದ. ಹಲ್ಲು ಹಾರಿ ರಕ್ತ ಅಂಗಿಗೆಲ್ಲ ಚಿಮ್ಮಿತು. ಗುದ್ದಿದವನೇ ಹಾಶಿಂ. ಥಿಯೇಟರಿನವರು ಇಬ್ಬರನ್ನೂ ಹೊರಗೆ ದಬ್ಬಿದರು. ಇಬ್ಬರೂ ನಗುತ್ತ ನಮ್ಮ ಹೋಟೆಲಿಗೆ ಬಂದು ಗೋಳಿಬಜೆ ತಿಂದರು. ಆವತ್ತಿನಿಂದ ಜೋಡೆತ್ತು. ಹಾಶಿಮನಿಗೆ ಬಂದರಿನಲ್ಲಿ ಬಟ್ಟೆ ಅಂಗಡಿ. ಹಬ್ಬ ಬಂದರೆ ಅವನ ತಾಯಿ ಬೀಫಾತಿಮ್ಮ ನಮ್ಮ ಕುಲಶೇಖರದ ಮನೆಗೆ ಬಿರಿಯಾನಿ ಕಳಿಸುತ್ತಿದ್ದರು. ಲೋಕ ಅವರನ್ನು ಹಾಶಿಮನ ಹಾಗೆಯೇ ಉಮ್ಮ ಎಂದು ಕರೆಯುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ದುಬೈಯಿಂದ ಬಂದ ಹಾಶಿಮನ ಭಾವ ಒಂದು ಇಂಗ್ಲಿಷ್ ಸಿನೆಮಾ ಪತ್ರಿಕೆ ತಂದ. ಶನಿ ಒಕ್ಕರಿಸಿದ್ದು ಅದರೊಟ್ಟಿಗೆ. ಮೂರನೆಯ ಟಾರ್ವಿನ್ ಪಿಕ್ಚರ್ ತಯಾರಾಗುತ್ತಿದೆ, ಆದರೆ ಮೊದಲಿನ ಎರಡನ್ನು ಮಾಡಿದ ಡೈರೆಕ್ಟರನ್ನು ಬಿಟ್ಟು ಬೇರೊಬ್ಬನಿಗೆ ಕೊಟ್ಟಿದ್ದಾರೆ ಎಂದು ಅದರಲ್ಲಿತ್ತು. ಇಬ್ಬರ ಹೆಸರೂ ನಮ್ಮವರ ನಾಲಿಗೆಗೆ ಹೊರಳದು. ಹಾಗಾಗಿ ಒಬ್ಬ ಹಳಬ, ಇನ್ನೊಬ್ಬ ಹೊಸಬ.

“ಈ ಹೊಸಬ ಇಷ್ಟರವರೆಗೆ ಮಾಡಿದ್ದೆಲ್ಲ ಲವ್ ಪಿಕ್ಚರ್ ಮಾರಾಯ! ಅವನಿಗೆ ಗ್ರಹದ ವಿಷಯ ಎಂತ ಗೊತ್ತುಂಟು? ಟಾರ್ವಿನನ ಕೈಗೆ ಹೂ ಕೊಡ್ತಾನೆ ನೋಡು,” ಎಂದ ಲೋಕ.

“ಕೊಡ್ಲಿ,” ಎಂದ ಹಾಶಿಂ. “ಹಳಬ ಎರಡನೆಯದ್ರಲ್ಲಿ ಎಂತ ಮಾಡಿದ? ಅದೇ ಹಡಗು, ಅದೇ ಹೊಡೆದಾಟ. ಟಾರ್ವಿನ್ ಒಂದು ಸಲವೂ ಹೆದರೂದಿಲ್ಲ. ಹೆದರದವ ಮನುಷ್ಯನಾ ಶೆಟ್ರೇ? ಹೊಸಬ ಅವನನ್ನು ಮನುಷ್ಯ ಮಾಡ್ತಾನೆ.”

“ಟಾರ್ವಿನನಿಗೆ ಹೆದರಿಕೆಯಾ? ಬಾಯಿ ಮುಚ್ಚು!”

ಹೋಟೆಲಿನಲ್ಲಿ ಎರಡು ಪಂಗಡವಾಯಿತು. ದಿನಾ ಸಂಜೆ ಚಹಾ ಕುಡಿಯಲು ಬಂದವರು ಮೇಜು ಗುದ್ದಿ ಹೋಗತೊಡಗಿದರು. ಒಂದು ದಿನ ಲೋಕ ಬಿಸಿ ಚಹಾದ ಗ್ಲಾಸನ್ನೇ ಎಸೆದ. ಅದು ಹಾಶಿಮನ ಹುಬ್ಬಿಗೆ ಬಡಿದು ಒಡೆಯಿತು. ಹಾಶಿಂ ಕಣ್ಣಿಗೆ ಇಳಿಯುತ್ತಿದ್ದ ರಕ್ತವನ್ನು ಒರೆಸಿಕೊಳ್ಳದೆ, ಸ್ಟೂಲು ಎತ್ತಿ ಲೋಕನ ಬೆನ್ನಿಗೆ ಬಾರಿಸಿದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನಾನು ಕಂಡಿದ್ದೇನೆ. ಹುಟ್ಟದ ಕೂಸಿನ ಮೂಗು ಸರಿಯಿಲ್ಲ ಎಂದು ತಲೆ ಒಡೆದುಕೊಳ್ಳುವವರನ್ನು ಕಂಡದ್ದು ಆಗಲೇ. ಇವರಲ್ಲಿ ಒಬ್ಬನಾದರೂ ಆ ಪಿಕ್ಚರ್ ನೋಡಿದ್ದನಾ? ಅದು ಇನ್ನೂ ತಯಾರೇ ಆಗಿರಲಿಲ್ಲ!

ಮಾವ ಇಬ್ಬರನ್ನೂ ಹೊರಗೆ ಹಾಕಿದರು. ಆಗ ಬುದ್ಧಿ ಹೇಳಲು ಬಂದವನು ಅಣ್ಣು. ಕೋಳಿ ಅಂಕದಲ್ಲಿ ಕೋಳಿಯ ಕಾಲಿಗೆ ಬಾಳು, ಅಂದರೆ ಚೂರಿ, ಕಟ್ಟುವುದು ಅವನ ಕೆಲಸ.

“ನೀವು ಯಾಕೆ ಸಾಯ್ತೀರಿ? ಕೋಳಿ ಬಿಟ್ಟು ತೀರ್ಮಾನ ಮಾಡಿ. ಹಳಬನಿಗೆ ಒಂದು, ಹೊಸಬನಿಗೆ ಒಂದು. ಸೋತವ ಎಲ್ಲರ ಎದುರು ‘ನಿನ್ನದೇ ಸರಿ’ ಅಂತ ಹೇಳ್ಬೇಕು. ಮತ್ತೆ ಈ ಮಾತೇ ಇಲ್ಲ.”

ಇಬ್ಬರೂ ಒಪ್ಪಿದರು. ಗಂಡಸರ ಬುದ್ಧಿಗೆ ಬೆಂಕಿ ಬೀಳಲಿ.

ನಮ್ಮ ಮನೆಯ ಹಿಂದಿನ ಗದ್ದೆಯಲ್ಲಿ ಕೊಯ್ಲು ಮುಗಿದಿತ್ತು. ಜನ ಸೇರಿದರು. ಹಾಶಿಮನಿಗೆ ಕೋಳಿ ಸಾಕಿ ಗೊತ್ತಿಲ್ಲ. ನಮ್ಮ ಗೂಡಿನಿಂದಲೇ ಬೇಕಾದ್ದನ್ನು ಆರಿಸಿಕೋ ಎಂದ ಲೋಕ. ಜಗಳವಿದ್ದರೂ ಆ ದೊಡ್ಡತನ ಅವನಲ್ಲಿತ್ತು. ಹಾಶಿಂ ಹೋಗಿ ಹೋಗಿ ಒಂದು ಬಡಕಲು ಬಿಳಿ ಹುಂಜವನ್ನು ಎತ್ತಿಕೊಂಡ.

“ಅಕ್ಕಾ, ಇದಕ್ಕೆ ಹೊಟ್ಟೆಗೆ ಎಂತದ್ದಾದ್ರೂ ಹಾಕ್ತೀರಾ ಇಲ್ವಾ?” ಎಂದು ನನ್ನನ್ನು ಕೇಳಿದ.

“ಹಾಕಿ ಎಂತ ಮಾಡ್ಲಿಕ್ಕುಂಟು? ಸಂಜೆಗೆ ಅದು ನನ್ನ ಪಾತ್ರೆಯಲ್ಲೇ,” ಎಂದೆ. ಹುಬ್ಬಿನ ಹೊಲಿಗೆ ಎಳೆಯುವಷ್ಟು ನಕ್ಕ.

ಅಣ್ಣು ಎರಡಕ್ಕೂ ಬಾಳು ಕಟ್ಟಿ ಬಿಟ್ಟ. ಲೋಕನ ಕೆಂಪು ಹುಂಜ ಗಟ್ಟಿ. ಬಂದದ್ದೇ ಹಾರಿ ಬಿಳಿಯದರ ಎದೆ ಸೀಳಿತು. ಬಿಳಿ ಗರಿಯೆಲ್ಲ ಕೆಂಪಾಯಿತು. ಜನ ಹೋ ಎಂದರು. ಬಿಳಿಯದು ಎರಡು ಸಲ ಬಿದ್ದು ಎದ್ದಿತು. ಮೂರನೆಯ ಸಲ ಕೆಂಪು ಹಾರಿದಾಗ ಇದು ನೆಲಕ್ಕೆ ಕುಗ್ಗಿ ಅಡಿಯಿಂದ ಕಾಲು ಬೀಸಿತು. ಕೆಂಪು ಹುಂಜ ಕರುಳು ಎಳೆದುಕೊಂಡು ಸ್ವಲ್ಪ ದೂರ ಓಡಿ, ಮಣ್ಣಿಗೆ ಮೂತಿ ಇಟ್ಟು ಸತ್ತಿತು.

ಬಾಳು ಕಟ್ಟಿದ ಕೋಳಿಯ ಹತ್ತಿರ ಕಟ್ಟಿದವನನ್ನು ಬಿಟ್ಟು ಯಾರೂ ಹೋಗಬಾರದು. ಅವನು ಹಿಡಿದು ಬಿಚ್ಚಿದ ಮೇಲೆಯೇ ಉಳಿದ ಮಾತು. ನಮ್ಮಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಬಟ್ಟೆ ಅಂಗಡಿಯ ಹಾಶಿಮನಿಗೆ ಗೊತ್ತಿರಲಿಲ್ಲ. ಅವನು ಖುಷಿಯಲ್ಲಿ ಓಡಿ ಹೋಗಿ ತನ್ನ ಹುಂಜದ ಎದುರು ಕುಕ್ಕರಗಾಲಿನಲ್ಲಿ ಕುಳಿತ.

“ಹೇಳಿ ಶೆಟ್ರೇ! ಹೇಳಿ!” ಎಂದು ಜನ ಕೂಗಿದರು. ಲೋಕನ ಮುಖ ಕಪ್ಪಿಟ್ಟಿತ್ತು.

“ಮೆಲ್ಲಗೆ ಹೇಳಿದ್ರೂ ಸಾಕು ಮಾರಾಯ. ನನಗೆ ಕೇಳಿದ್ರೆ ಆಯ್ತು,” ಎಂದ ಹಾಶಿಂ.

ಲೋಕ ಹೇಳಲಿಲ್ಲ. ನಾಲ್ಕು ಹೆಜ್ಜೆ ಬಂದವನೇ ಆ ಬಿಳಿ ಹುಂಜಕ್ಕೆ ಜಾಡಿಸಿ ಒದ್ದ. ಅದು ರೆಕ್ಕೆ ಬಡಿಯುತ್ತ ಹಾಶಿಮನ ಮೇಲೆ ಹೋಗಿ ಬಿತ್ತು. ಬಾಳು ಅವನ ತೊಡೆಯ ಸಂದಿಗೆ ಇಳಿಯಿತು.

ಅಯ್ಯೋ ದೇವರೇ, ಒಬ್ಬ ಮನುಷ್ಯನಲ್ಲಿ ಅಷ್ಟು ರಕ್ತ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಅಣ್ಣು ತನ್ನ ಮುಂಡನ್ನೇ ಬಿಚ್ಚಿ ಕಟ್ಟಿದ, ನಾನು ಸೆರಗು ಒತ್ತಿದೆ. ನಿಲ್ಲಲಿಲ್ಲ. ಲೋಕ ಅವನನ್ನು ಹೆಗಲ ಮೇಲೆ ಹಾಕಿಕೊಂಡು ರಸ್ತೆಗೆ ಓಡಿ, ಬರುತ್ತಿದ್ದ ಕಾರಿಗೆ ಅಡ್ಡ ನಿಂತು ನಿಲ್ಲಿಸಿದ. ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಹಾಶಿಂ, “ನಾನೇ ಹೋಗಿ ಕೋಳಿ ಹಿಡಿದದ್ದು. ಲೋಕ ದೂರ ಇದ್ದ,” ಎಂದನಂತೆ. ಅದೇ ಕೊನೆಯ ಮಾತು. ಸಂಜೆಯೊಳಗೆ ಹೋದ.

ಅಷ್ಟರಲ್ಲಿ ಪೇಟೆಯಲ್ಲಿ ಬೇರೆಯೇ ಸುದ್ದಿ. ಶೆಟ್ಟಿಯೊಬ್ಬ ಬ್ಯಾರಿ ಮುಸ್ಲಿಮನನ್ನು ಕಡಿದ ಎಂದು. ಅಂಗಡಿಗಳ ಬಾಗಿಲು ಬಿತ್ತು. ಎರಡೂ ಕಡೆಯವರು ದೊಣ್ಣೆ ಹುಡುಕತೊಡಗಿದರು. ಲೋಕ ಆ ರಕ್ತದ ಅಂಗಿಯಲ್ಲೇ ಕುದ್ರೋಳಿಗೆ ಹೊರಟ. ನಾನು ಹಿಂದೆಯೇ ಓಡಿದೆ.

“ಎಲ್ಲಿಗೆ ಹೋಗ್ತಿ? ಕೊಂದು ಹಾಕ್ತಾರೆ ನಿನ್ನನ್ನು!”

“ಕೊಲ್ಲಲಿ ಅಕ್ಕ.”

ಹಾಶಿಮನ ಅಂಗಳದಲ್ಲಿ ಗಂಡಸರು ಇವನನ್ನು ಹಿಡಿದರು. ದೊಣ್ಣೆ ಹೆಗಲಿಗೆ ಬಿತ್ತು, ಮೊಣಕಾಲಿಗೆ ಬಿತ್ತು, ಮೂಗು ಒಡೆಯಿತು. ಜೀವಮಾನದಲ್ಲಿ ಮೊದಲ ಸಲ ನನ್ನ ತಮ್ಮ ಕೈ ಎತ್ತಲಿಲ್ಲ. ನಾನು ನಡುವೆ ಬಿದ್ದು ಚೀರಿದೆ. ಬೀಫಾತಿಮ್ಮ ಬಾಗಿಲಿಗೆ ಬಂದರು.

“ನಿಲ್ಸಿ! ನನ್ನ ಮಗನ ಮಯ್ಯತ್ ಒಳಗುಂಟು,” ಎಂದರು. ಎಲ್ಲರೂ ನಿಂತರು. “ಎಂತಕ್ಕೆ ಜಗಳ ಆದದ್ದು?” ಎಂದು ಲೋಕನನ್ನು ಕೇಳಿದರು.

“ಒಂದು ಪಿಕ್ಚರಿನ ವಿಷಯ ಉಮ್ಮ. ಅವನದೇ ಸರಿ ಅಂತ ನಾನು ಹೇಳ್ಬೇಕಿತ್ತು. ಹೇಳ್ಲಿಲ್ಲ. ಕೋಳಿಗೆ ಒದ್ದೆ. ಅವ ಪೊಲೀಸರಿಗೆ ಹೇಳಿದ್ದು ಸುಳ್ಳು.”

ಬೀಫಾತಿಮ್ಮ ಗಂಡಸರ ಕಡೆ ತಿರುಗಿದರು. ಇವನನ್ನು ಯಾರೂ ಮುಟ್ಟಬಾರದು, ಮನೆಗೆ ಹೋಗಲಿ ಎಂದು ಹೇಳಿ ಒಳಗೆ ಹೋದರು. ಗಂಡಸರು ದೊಣ್ಣೆ ಕೆಳಗೆ ಹಾಕಿದರು. ಊರು ಉಳಿದದ್ದು ಆ ಹೆಂಗಸಿನಿಂದ. ಲೋಕ ಪೊಲೀಸರಲ್ಲೂ ನಿಜವನ್ನೇ ಹೇಳಿದ. ಸತ್ತವನ ಮಾತಿನ ಎದುರು ಕೇಸು ನಿಲ್ಲಲಿಲ್ಲ. ಅವನು ಗಲ್ಲೆಗೆ ಮತ್ತೆ ಹೋಗಲಿಲ್ಲ. ಗೂಡಿನ ಕೋಳಿಗಳನ್ನೆಲ್ಲ ಕೊಟ್ಟುಬಿಟ್ಟ. ಮೊಣಕಾಲು ಸರಿಯಾಗಲೇ ಇಲ್ಲ, ಎಳೆದುಕೊಂಡೇ ನಡೆಯುತ್ತಿದ್ದ.

ಎಂಬತ್ತೊಂದರಲ್ಲಿ ಮೂರನೆಯ ಟಾರ್ವಿನ್ ಮಂಗಳೂರಿಗೆ ಬಂತು. ಪೋಸ್ಟರು ಕಂಡ ದಾರಿಯಲ್ಲಿ ಲೋಕ ಹೋಗುತ್ತಿರಲಿಲ್ಲ. ಆಗ ಬೀಫಾತಿಮ್ಮನಿಂದ ಹೇಳಿಕೆ ಬಂತು: ಆದಿತ್ಯವಾರ ಲೋಕ ತನ್ನನ್ನು ಆ ಪಿಕ್ಚರಿಗೆ ಕರೆದುಕೊಂಡು ಹೋಗಬೇಕು. ಜೀವಮಾನದಲ್ಲಿ ಥಿಯೇಟರಿನ ಮೆಟ್ಟಿಲು ಹತ್ತದ ಹೆಂಗಸು! ಇಲ್ಲ ಎನ್ನಲು ಇವನಿಗೆ ಬಾಯಿ ಎಲ್ಲಿತ್ತು?

ಮೂವರೂ ಹೋದೆವು. ಅವರು ನಡುವೆ ಕುಳಿತರು. ನನಗೆ ಇಂಗ್ಲಿಷ್ ಅರ್ಥವಾಗುವುದಿಲ್ಲ. ಆದರೆ ಆ ಟಾರ್ವಿನ್ ಒಡೆದ ಹಡಗಿನಲ್ಲಿ ಒಬ್ಬನೇ ಉಳಿದು, ಗಡಗಡ ನಡುಗಿ, ಸತ್ತ ಜೊತೆಗಾರನ ಹೆಸರು ಹಿಡಿದು ಕೂಗಿದಾಗ ನನಗೂ ಕಣ್ಣೀರು ಬಂತು. ಲೋಕ ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದ. ಬೀಫಾತಿಮ್ಮ ಪರದೆ ನೋಡಲಿಲ್ಲ, ಇವನನ್ನೇ ನೋಡುತ್ತಿದ್ದರು.

ಹೊರಗೆ ಬಂದೆವು. ಬಿಸಿಲಿತ್ತು. ಗೋಡೆಯ ನೆರಳಿನಲ್ಲಿ ನಿಂತು ಅವರು ಕೇಳಿದರು, “ಯಾರದ್ದು ಸರಿ ಮಗಾ? ನಿನ್ನದ್ದಾ, ನನ್ನ ಹಾಶಿಮನದ್ದಾ?”

“ಹಾಶಿಮನದ್ದು ಉಮ್ಮ,” ಎಂದ ಲೋಕ. “ಅವನದ್ದೇ ಸರಿ.”

ಬೀಫಾತಿಮ್ಮ ತಲೆಯ ಮೇಲಿನ ಬಟ್ಟೆ ಸರಿ ಮಾಡಿಕೊಂಡರು. ಸ್ವರ ಏರಲಿಲ್ಲ.

“ಇಷ್ಟೇ ಅಲ್ವಾ? ಇದನ್ನು ಆವತ್ತು ಹೇಳ್ಲಿಕ್ಕೆ ನಿನಗೆ ಎಂತ ಆಗಿತ್ತು?”