ಹಿಂದುಮುಂದಾಗಿ ಕೂರಿಸಿದ ಚಿಪ್

ಆ ಚಿಪ್ ಸುಟ್ಟವನು ನಾನೇ, ಸಾದಿಕ್ ಭಾಯ್. ನಿಮ್ಮ ಭಾವ ತಂದುಕೊಟ್ಟದ್ದು ಸರಿಯಾಗಿಯೇ ಇತ್ತು. ಇಷ್ಟು ಹೇಳಲು ನನಗೆ — ಮೂವತ್ತೈದು ವರ್ಷಕ್ಕೂ ಮೀರಿ ಬೇಕಾಯಿತು.

ಎಂಬತ್ತರ ದಶಕ. ನಾನು ಗುಬ್ಬಿಯಲ್ಲಿ ವಿಜ್ಞಾನದ ಮೇಷ್ಟ್ರು, ನಿಮ್ಮದು ತುಮಕೂರಿನಲ್ಲಿ ರೇಡಿಯೊ ರಿಪೇರಿ ಅಂಗಡಿ. ಪತ್ರಿಕೆಯೊಂದರಲ್ಲಿ ಬಂದ ನಕ್ಷೆ ಹಿಡಿದು ಇಬ್ಬರೂ ಕಂಪ್ಯೂಟರ್ ಕಟ್ಟಲು ಹೊರಟಿದ್ದೆವು — ಎಂಟು ಸ್ವಿಚ್ಚು, ಎಂಟು ಪುಟ್ಟ ದೀಪ, ಅಷ್ಟೇ. ಲೆಕ್ಕ ಮಾಡಬೇಕಾದ ಮುಖ್ಯ ಚಿಪ್ ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಹುಲಿಯೂರುದುರ್ಗದ ನಿಮ್ಮ ಭಾವ ರಹೀಮ್ ಸಾಹೇಬರು ಬೆಂಗಳೂರಿನ ಗುಜರಿಯಲ್ಲಿ ಹುಡುಕಿ ತಂದರು. "ಓಡ್ತಿದ್ದ ಮಿಷಿನ್ನಿಂದ ನನ್ ಮುಂದೇನೇ ಬಿಚ್ಚಿದ್ದು, ಮೇಷ್ಟ್ರೇ," ಅಂದರು.

ಚಿಪ್ ಬಂದ ಭಾನುವಾರ ನೀವು ನನ್ನನ್ನು ಅಂಗಡಿಯಲ್ಲಿ ಬಿಟ್ಟು ಮಧ್ಯಾಹ್ನದ ನಮಾಜಿಗೆ ಹೋಗಿದ್ದಿರಿ. ನಿಮಗಿಂತ ಮೊದಲು ನಾನೇ ನೋಡಿಬಿಡಬೇಕು ಎಂಬ — ಏನೆನ್ನಲಿ ಅದಕ್ಕೆ? ಚಿಪ್ ಕೂರಿಸಿ ಕರೆಂಟು ಕೊಟ್ಟೆ. ಮುಟ್ಟಿದರೆ ಕೈ ಸುಟ್ಟಿತು. ಹಿಂದುಮುಂದಾಗಿ ಕೂರಿಸಿದ್ದೆ. ಕಿತ್ತು, ತಣ್ಣಗಾದ ಮೇಲೆ ಡಬ್ಬಿಯಲ್ಲಿ ಮೊದಲಿನಂತೆಯೇ ಇಟ್ಟೆ.

ನೀವು ಬಂದು ನಿಮ್ಮ ಕೈಯಾರೆ ಕೂರಿಸಿದಿರಿ. ಒಂದು ದೀಪವೂ ಹತ್ತಲಿಲ್ಲ. ಒಂದೊಂದು ತಂತಿಗೂ ಮೀಟರ್ ಹಿಡಿದು ನೋಡಿದಿರಿ. "ಎಲ್ಲಾ ಸರಿಯಾಗೇ ಐತಲ್ಲ ಮೇಷ್ಟ್ರೇ..."

ಆಗ ನಾನು ಅಂದೆ: "ನಿಮ್ ಭಾವ ಒಳ್ಳೇದನ್ನೇ ಕೊಟ್ರಾ? ಒಂದ್ಸಲ ಕೇಳಿ ನೋಡಿ."

ಕೇಳಲು ಹೋದಿರಿ. ಅವರು ಆಣೆ ಇಟ್ಟರೂ ನಂಬದೆ ಬಂದಿರಿ. ಅಲ್ಲಿಂದ ನಿಮಗೆ ಅವರು ಹಿಂದೆ ಕೊಟ್ಟಿದ್ದ ಗಡಿಯಾರ ನಿಂತದ್ದು, ಬಟ್ಟೆ ಬಣ್ಣ ಬಿಟ್ಟದ್ದು — ಎಲ್ಲದರಲ್ಲೂ ಮೋಸವೇ ಕಂಡಿತು. ನಾನೋ, ನಿಮ್ಮನ್ನೇ ಅನುಮಾನಿಸುತ್ತಿದ್ದೆ. ಇವರಿಗೆ ಗೊತ್ತಾಗಿದೆಯೇ? ಗೊತ್ತಿದ್ದೂ ಸುಮ್ಮನಿದ್ದಾರೆಯೇ? "ನಿಧಾನ, ಚಾ ಬಿಸಿ ಐತೆ" ಎಂದು ನೀವು ಲೋಟ ಕೊಟ್ಟರೂ ಆ ಮಾತಿನಲ್ಲಿ ಇನ್ನೊಂದರ್ಥ ಹುಡುಕುತ್ತಿದ್ದೆ.

ಗಂಡನನ್ನು ಮೋಸಗಾರನೆಂದ ತವರಿಗೆ ನಿಮ್ಮ ಅಕ್ಕ ಮತ್ತೆ ಕಾಲಿಡಲಿಲ್ಲ. ಈದ್‌ಗೂ.

ಮರುವರ್ಷ ಬೇರೆ ಚಿಪ್ ಸಿಕ್ಕಿತು. ಎರಡಕ್ಕೆ ಮೂರು ಕೂಡಿಸಿದಾಗ ದೀಪಗಳು ಐದೆಂದು ತೋರಿಸಿದವು. ನೀವು ನನ್ನನ್ನು ತಬ್ಬಿಕೊಂಡಿರಿ. "ನಮ್ ಭಾವ ಮೋಸ ಮಾಡ್ದೇ ಇದ್ದಿದ್ರೆ ಹೋದ್ ವರ್ಷಾನೇ ಓಡ್ತಿತ್ತು, ಅಲ್ವಾ?"

"ಹೌದು" ಎಂದೆ. ಚಿಪ್ ಸುಟ್ಟದ್ದು ಆತುರದಿಂದ. ಈ "ಹೌದು" ಮಾತ್ರ ಯೋಚಿಸಿಯೇ ಆಡಿದ್ದು.

ಎರಡು ವರ್ಷದ ಹಿಂದೆ ನಿಮ್ಮ ಅಕ್ಕ ತೀರಿಕೊಂಡಾಗ ನೀವು ಮಣ್ಣಿಗೂ ಹೋಗಲಿಲ್ಲವೆಂದು ಕೇಳಿದೆ. ಆಮೇಲೂ ಸುಮ್ಮನಿದ್ದೆ. ಕಳೆದ ವಾರ, ಕೊನೆಗೂ, ಹುಲಿಯೂರುದುರ್ಗಕ್ಕೆ ಹೋಗಿ ರಹೀಮ್ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಇಷ್ಟೇ ಅಂದರು: "ಸಾಯೋ ಮುಂಚೆ ಅವ್ಳೂ ಕೇಳಿದ್ಲು ಮೇಷ್ಟ್ರೇ — ಈಗ್ಲಾದ್ರೂ ನಿಜ ಹೇಳಿ, ಆ ಚಿಪ್ಪು ಹಾಳಾಗಿದ್ದೇ ತಾನೇ, ಅಂತ."

ನಿಮ್ಮಲ್ಲಿ ಕ್ಷಮೆ ಕೇಳುತ್ತಿಲ್ಲ, ಭಾಯ್. ನೀವೊಮ್ಮೆ ಅವರಲ್ಲಿಗೆ ಹೋಗಿ. ನಾನು ಎದ್ದು ಹೊರಟಾಗ "ಸಾದಿಕ್ ಹೆಂಗವ್ನೆ?" ಎಂದು ಕೇಳಿದರು.