ಎಂಜಲು ಬೆರಳು

ಕಳಸದ ಹತ್ತಿರ ನಾನು ಪಾಠ ಮಾಡುವ ಪ್ರಾಥಮಿಕ ಶಾಲೆಗೆ ಆನ್‌ಲೈನ್ ಗ್ರಂಥಾಲಯವಿರುವ ಟ್ಯಾಬ್ ಬಂದಾಗ, ಹೆಡ್‌ಮಾಸ್ತರರು ಅದನ್ನು ಬೀರುವಿನಲ್ಲಿಟ್ಟು ಬೀಗ ಜಡಿದರು. ಕಥೆಪುಸ್ತಕಗಳಿಗೂ ಮೊದಲೇ ಅದೇ ಗತಿಯಾಗಿತ್ತು. ಕೇಳಿದರೆ ಒಂದೇ ಮಾತು: “ಹಾಳಾದ್ರೆ ಯಾರು ಜವಾಬ್ದಾರಿ ಮಾರಾಯ?”

ಜಗಳವಾಡಿ ಒಂದು ದಿನ ತೆಗೆಸಿದೆ. ಕಾಫಿ ಎಸ್ಟೇಟಿನ ಕೂಲಿಗಳ ಲೈನ್‌ಮನೆಗಳಿಂದ ಬರುವ ಮೂರನೇ ಕ್ಲಾಸಿನ ಹುಡುಗಿ ಆನೆಯ ಕಥೆ ತೆರೆದಳು. ಮುಂದಿನ ಪುಟಕ್ಕೆ ಹೋಗಲು ಬೆರಳನ್ನು ನಾಲಿಗೆಗೆ ತಾಗಿಸಿ ಪರದೆಯ ಮೇಲೆ ಎಳೆದಳು.

“ಎಂಜಲು ಮಾಡ್ತೀಯಾ?” ಹೆಡ್‌ಮಾಸ್ತರರು ಟ್ಯಾಬ್ ಕಿತ್ತುಕೊಂಡರು.

ನನಗೆ ತಡೆಯಲಾಗಲಿಲ್ಲ. “ಹಾಳೆ ತಿರುಗಿಸೋದನ್ನ ಅವಳು ನೋಡಿದ್ದು ನಿಮ್ಮ ಹಾಜರಿ ಪುಸ್ತಕದಲ್ಲಿ ಮಾತ್ರ ಸರ್. ಕಥೆಪುಸ್ತಕ ಎಲ್ಲಿ ಕೊಟ್ರಿ?”

ಅವರು ಟ್ಯಾಬ್ ಒರೆಸಿ ಬೀರುವಿಗೆ ಸೇರಿಸಿದರು. ಆಮೇಲೆ ಬೆರಳಿಗೆ ಎಂಜಲು ಹಚ್ಚಿ, ರಿಜಿಸ್ಟರಿನ ಹಾಳೆ ತಿರುವಿ ಬರೆದರು: “ಇಂದು ಎಲ್ಲ ಮಕ್ಕಳೂ ಆನ್‌ಲೈನ್ ಗ್ರಂಥಾಲಯ ಬಳಸಿದರು.”